ಅಗಸಿಯ ವೀರನ ಬಲಗೈ

ನಮ್ಮೂರ ಅಗಸಿಯ ಪಕ್ಕದ ವೀರಗಲ್ಲಿನ ಬಗ್ಗೆ ನೀವು ಕೇಳಿರುವ ಕಥೆ ಸುಳ್ಳು. ಅದನ್ನು ಕಟ್ಟಿದವನು ನಾನು. ಆ ವೀರನ ಬಲಗೈಯನ್ನು ಊರವರು ಕಡಿದು ಹಾಕಲಿಲ್ಲ. ಆ ಕೈ ಎಲ್ಲಿದೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು — ನಮ್ಮ ಮನೆಯ ದೇವರ ಜಗಲಿಯ ಮೇಲೆ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ನೀವು ಎಂದರೆ, ರಾಣೇಬೆನ್ನೂರಿನಿಂದಲೋ ಹಾವೇರಿಯಿಂದಲೋ ಬಸ್ಸು ಹತ್ತಿ ನಮ್ಮ ಹಳೆಯ ಕೋಟೆ ನೋಡಲು ಬಂದವರು. ಬಸ್ ನಿಲ್ದಾಣದ ಎದುರಿಗೆ ನನ್ನ ಚಹಾದಂಗಡಿ. ಅಲ್ಲಿ ಮಿರ್ಚಿ-ಮಂಡಕ್ಕಿ ತಿಂದು, ಚಹಾ ಕುಡಿದು, ನನ್ನ ಹಿಂದೆ ನಡೆದವರು ನೀವು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಊರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಐರಣಿಯ ಆಚೆ, ಹೊಳೆಯ ದಂಡೆಯ ಮೇಲಿದೆ ಎಂದರೆ ಬಂದವರಿಗೆ ತಿಳಿಯುತ್ತದೆ.

ನಾನು ಹತ್ತನೆಯ ಇಯತ್ತೆಯವರೆಗೆ ಓದಿದವನು. ನಮ್ಮ ಓರಗೆಯವರಲ್ಲಿ ಅಷ್ಟು ಓದಿದವರು ಕಡಿಮೆ. ಹಾವೇರಿ ಹೊಸ ಜಿಲ್ಲೆಯಾದ ಮೇಲೆ ಹಳೆಯ ಊರುಗಳನ್ನು ನೋಡುವ ಹುಕಿ ಜನಕ್ಕೆ ಹತ್ತಿತು. ಶಾಲೆಯ ಮಕ್ಕಳು, ಕಾಲೇಜಿನವರು, ರಜೆಯಲ್ಲಿ ಸಂಸಾರ ಸಮೇತ ಬರುವವರು. ಬಂದವರು ಕೇಳುತ್ತಿದ್ದುದು ಒಂದೇ — ಇಲ್ಲಿ ನೋಡುವಂಥದ್ದು ಏನಿದೆ, ಹೇಳುವವರು ಯಾರಿದ್ದಾರೆ? ಊರವರು ನನ್ನ ಕಡೆ ಬೆರಳು ಮಾಡುತ್ತಿದ್ದರು. ಅಂಗಡಿಯಲ್ಲಿ ಹೆಂಡತಿ ನೀಲವ್ವನನ್ನು ಕೂಡ್ರಿಸಿ ನಾನು ಹೊರಡುತ್ತಿದ್ದೆ.

ತೋರಿಸುತ್ತ ಹೋಗುವ ನನ್ನ ದಾರಿ ನಿಗದಿಯಾಗಿತ್ತು. ಮೊದಲು ಅಕ್ಕ-ತಂಗಿಯರ ಬಾವಿ. ನೀರು ಬೀಳದ ಬಾವಿಗೆ ಅಕ್ಕ ಇಳಿದಳು, ಅಕ್ಕನನ್ನು ಕರೆಯುತ್ತ ತಂಗಿ ಇಳಿದಳು, ಆಮೇಲೆ ನೀರು ಬಂತು — ಈ ಕಥೆ ನನ್ನ ಅಜ್ಜಿ ಹೇಳಿದ್ದು. ಅದನ್ನು ಕೇಳಿದ ಹಾಗೆಯೇ ಹೇಳಿದ್ದೇನೆ. ಬಾವಿಯಿಂದ ಮುಂದೆ ಕೋಟೆಯ ಗೋಡೆ, ಅದರ ಕಲ್ಲುಸಂದಿಯಲ್ಲಿ ಬೆಳೆದ ಅರಳಿ. ಆಮೇಲೆ ಹೊಳೆಯ ಕಡೆಯ ಕೊತ್ತಲ. ಅಲ್ಲಿ ನಿಂತರೆ ತುಂಗಭದ್ರೆ ಎರಡು ಕವಲಾಗಿ ಒಡೆದು ಮತ್ತೆ ಕೂಡುವುದು ಕಾಣುತ್ತದೆ. ಕೊನೆಗೆ ಅಗಸಿ. ಅಗಸಿ ಎಂದರೆ ಊರ ಹೆಬ್ಬಾಗಿಲು. ಬಾಗಿಲಿನ ಕಟ್ಟಿಗೆ ಎಂದೋ ಹೋಗಿದೆ, ಕಲ್ಲಿನ ಚೌಕಟ್ಟು ಉಳಿದಿದೆ. ಅದರ ಎಡಕ್ಕೆ ವೀರಗಲ್ಲು. ಕೆಳಗಿನ ಅಂಕಣದಲ್ಲಿ ಕತ್ತಿ ಎತ್ತಿದ ಒಬ್ಬ ಗಂಡಸು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಹೆಣ್ಣುಗಳು, ಮೇಲೆ ಲಿಂಗ, ಸೂರ್ಯ, ಚಂದ್ರ. ಕತ್ತಿ ಎತ್ತಿದ ಕೈ ಕಲ್ಲಿನ ಅಂಚಿಗೆ ಬಂದಿತ್ತು. ಮುಂಗೈಯಿಂದ ಮೇಲೆ ಅದು ಇಲ್ಲ.

ಹಿರಿಯರು ಹೇಳಿದ ಕಥೆ ಸಣ್ಣದು. ಹೊಳೆ ದಾಟಿ ವೈರಿಗಳು ಬಂದಾಗ ಅಗಸಿ ಕಾಯುವವನು ಎಲ್ಲರನ್ನೂ ಒಳಗೆ ಕಳಿಸಿ, ಒಳಗಿನಿಂದ ಅಗಳಿ ಹಾಕಿಸಿ, ತಾನು ಹೊರಗೆ ನಿಂತ. ಅಲ್ಲೇ ಸತ್ತ. ಅಷ್ಟೇ. ಅವನ ವಂಶದವರು ಅಗಸಿಯ ಬಗಲಿಗೇ ಮನೆ ಮಾಡಿಕೊಂಡು ಈಗಲೂ ಇದ್ದಾರೆ. ಊರಲ್ಲಿ ಅವರಿಗೆ ಒಂದು ಮಾನ ಉಂಟು. ದಸರೆಯ ಬನ್ನಿಯ ದಿನ ಇಡೀ ಊರು ಬನ್ನಿ ಮುಡಿದು ಅಗಸಿಗೆ ಬರುತ್ತದೆ. ಆ ಕಲ್ಲಿನ ಪಾದಕ್ಕೆ ಮೊದಲ ಬನ್ನಿ ಇಡುವವರು ಆ ಮನೆಯ ಹಿರಿಯರು. ಅವರು ಇಟ್ಟ ಮೇಲೆ ಉಳಿದವರು ಒಬ್ಬರಿಗೊಬ್ಬರು ಬನ್ನಿ ಕೊಡಬೇಕು. ಅವರು ಇಡುವವರೆಗೆ ಊರ ಗೌಡರೂ ಬನ್ನಿ ಕೈಯಲ್ಲಿ ಹಿಡಿದು ನಿಲ್ಲಬೇಕು.

ನನ್ನ ಕಾಲಕ್ಕೆ ಆ ಮನೆಯ ಹಿರಿಯ ಮಾಲತೇಶ. ಹೊಲದ ಕೆಲಸದವನು, ನನ್ನ ಓರಗೆಯವನು, ಗೆಳೆಯ. ದಿನಾಲೂ ಮುಂಜಾನೆ ಅವನ ಮೊದಲ ಚಹಾ ನನ್ನಲ್ಲಿಯೇ.

ಈಗ ಕೈಯ ವಿಷಯ.

ನಾನು ಸಣ್ಣವನಿದ್ದಾಗ ಅಪ್ಪ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಗಾಡಿ ಹೊಡೆಯುತ್ತಿದ್ದ. ಒಂದು ಸಲ ನಸುಕಿನಲ್ಲಿ ಅಗಸಿ ದಾಟುವಾಗ ಎತ್ತು ಬೆದರಿ ಗಾಡಿ ಎಡಕ್ಕೆ ಎಳೆಯಿತು. ಗಾಲಿಯ ಅಚ್ಚು ಕಲ್ಲಿನ ಅಂಚಿಗೆ ಬಡಿಯಿತು. ನಾನು ಚೀಲಗಳ ಮೇಲೆ ಕೂತಿದ್ದೆ. ಅಪ್ಪ ಇಳಿದು ನೋಡಿದ, ಬಗ್ಗಿ ಏನನ್ನೋ ಎತ್ತಿಕೊಂಡ, ತಲೆಗೆ ಸುತ್ತಿದ ಪಟಗದ ತುದಿಯಲ್ಲಿ ಕಟ್ಟಿದ. “ಯಾರ ಮುಂದೂ ಅನಬ್ಯಾಡ,” ಎಂದ. ಊರ ವೀರನ ಕೈ ಮುರಿದವರು ಎಂಬ ಮಾತು ಮನೆಗೆ ಹತ್ತುತ್ತದೆ ಎಂಬ ಅಂಜಿಕೆ ಅವನಿಗೆ. ಆದರೆ ಅದನ್ನು ಹೊಳೆಗೆ ಒಗೆಯುವ ಧೈರ್ಯವೂ ಆಗಲಿಲ್ಲ — ವೀರನ ಕೈ ಅಲ್ಲವೇ. ದೇವರ ಜಗಲಿಯ ಮೂಲೆಯಲ್ಲಿ ಇಟ್ಟ. ಅವ್ವ ಅಮಾಸೆಗೊಮ್ಮೆ ಅದಕ್ಕೆ ಎಣ್ಣೆ ಸವರಿ ಕುಂಕುಮ ಹಚ್ಚುತ್ತಿದ್ದಳು. ಅಂಗೈ ಅಗಲದ ಕಲ್ಲು. ನಾಲ್ಕು ಬೆರಳು, ಬೆರಳೊಳಗೆ ಕತ್ತಿಯ ಹಿಡಿ.

ಅಗಸಿ ಮನೆಯವರು ಕೈ ಮುರಿದದ್ದು ಕಂಡು ಆ ಶ್ರಾವಣವೆಲ್ಲ ಕಲ್ಲಿಗೆ ಹಾಲೆರೆದರು. ಎಮ್ಮೆ ಮೈ ತಿಕ್ಕಿ ಮುರಿದಿರಬೇಕು ಎಂದು ಊರು ಮಾತಾಡಿತು, ಆಮೇಲೆ ಮರೆಯಿತು. ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ ನೀಲವ್ವ ಕೇಳಿದ್ದಳು, “ಇದ್ಯಾವ ದೇವರ್ರಿ, ಬರೇ ಕೈ ಅಷ್ಟ ಐತಿ?”

“ಮನಿ ದೇವ್ರು. ಸುಮ್ನ ಪೂಜಿ ಮಾಡು,” ಎಂದಿದ್ದೆ.

ಇಷ್ಟು ಗೊತ್ತಿದ್ದೂ ನಾನು ಆ ಕಥೆ ಕಟ್ಟಿದೆ. ಕಟ್ಟಿದ ದಿನ ನೆನಪಿದೆ.

ರಾಣೇಬೆನ್ನೂರಿನ ಕಡೆಯ ಕಾಲೇಜು ಹುಡುಗರು-ಹುಡುಗಿಯರು ಬಂದಿದ್ದರು, ಸಂಗಡ ಒಬ್ಬರು ಮಾಸ್ತರರು. ಅಂಗಡಿಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಮಾಸ್ತರರು ನನ್ನನ್ನು ಹೊಗಳಿದರು — ಇತಿಹಾಸ ಬಲ್ಲವರು ಅಂತ ಕೇಳಿದ್ದೇವೆ ಎಂದರು. ಕಟ್ಟೆಯ ಮೇಲೆ ಕೂತಿದ್ದ ಮಾಲತೇಶ ಚಹಾದ ಬಸಿಯನ್ನು ಬಾಯಿಂದ ಸರಿಸಿ ಹೇಳಿದ:

“ಸರ, ಈ ಬಸಣ್ಣ ಚಾದಾಗ ಎಷ್ಟ ನೀರ ಹಾಕ್ತಾನೋ ಕಥ್ಯಾಗೂ ಅಷ್ಟ ಹಾಕ್ತಾನ್ರಿ. ಅರ್ಧಾ ಸೋಸಿ ತಗೋರಿ!”

ಹುಡುಗರು ಬಿದ್ದು ಬಿದ್ದು ನಕ್ಕರು. ಮಾಲತೇಶನೂ ನಕ್ಕು, ನನ್ನ ಹೆಗಲು ತಟ್ಟಿ, ಹೊಲಕ್ಕೆ ಹೋದ. ಅದರಲ್ಲಿ ವಿಷ ಇರಲಿಲ್ಲ. ನನಗೆ ಗೊತ್ತು — ಆಗಲೂ ಗೊತ್ತಿತ್ತು.

ಅಗಸಿಯ ಹತ್ತಿರ ಬಂದಾಗ ಹುಡುಗರಿಗೆ ದಣಿವಾಗಿತ್ತು. ಸಣ್ಣ ಕಥೆ ಹೇಳಿದೆ. ಒಬ್ಬ ಆಕಳಿಸಿದ. ಇಂಥ ಕಲ್ಲು ನಮ್ಮೂರಾಗೂ ಐತಿ ಎಂದ ಇನ್ನೊಬ್ಬ. ಆಗ ಒಬ್ಬ ಹುಡುಗಿ ಕೇಳಿದಳು, “ಕಾಕಾರ, ಆ ಕೈ ಏನಾತ್ರಿ?”

ನಮ್ಮಪ್ಪನ ಗಾಡಿ ಬಡಿದು ಮುರಿಯಿತು ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು.

“ಊರವರು ಕಡದಾರ,” ಎಂದೆ.

“ಯಾಕ್ರಿ?”

“ಅಗಸಿ ಬಾಗಲಾ ವೈರಿಗೆ ತಗದ ಕೈ ಅದು.”

ಆಕಳಿಸಿದವನು ಬಾಯಿ ಮುಚ್ಚಿದ. ಎಲ್ಲರೂ ಹತ್ತಿರ ಬಂದರು. ನಾನು ಮುಂದುವರಿಸಿದೆ — ಏನೇನು ಹೇಳಿದೆನೋ, ಮಾತು ತಾನಾಗಿ ಬರುತ್ತಿತ್ತು. ಅಗಸಿ ಕಾಯುವವನು ಆಸೆಗೆ ಬಿದ್ದ, ಹೊಳೆಯ ಆಚೆಯವರಿಗೆ ಬಾಗಿಲು ತೆಗೆದ, ಊರು ಸುಟ್ಟಿತು, ಉಳಿದವರು ಅವನ ಕೈ ಕಡಿದರು, ಕಲ್ಲಿನಲ್ಲಿಯೂ ಕಡಿದರು. ಮೋಸ ಮಾಡಿದವನಿಗೆ ವೀರಗಲ್ಲು ಯಾಕೆ ನೆಟ್ಟರು ಎಂದು ಯಾರೂ ಕೇಳಲಿಲ್ಲ.

ಆಮೇಲೆ ಇನ್ನೊಂದು ಸೇರಿಸಿದೆ. ಕೆಳಗಿಂದ ಒಂದು ಹರಳುಗಲ್ಲು ಎತ್ತಿ ಆ ಮೊಂಡುಗೈಗೆ ಗುರಿಯಿಟ್ಟು ಒಗೆದೆ. “ಬಂದವರೆಲ್ಲಾ ಒಂದ ಹರಳ ಒಗದ ಹೋಗೂದು ಇಲ್ಲಿ ಪದ್ಧತಿ,” ಎಂದೆ. ಅಂಥ ಪದ್ಧತಿ ಆ ಕ್ಷಣಕ್ಕೆ ಮೊದಲು ಇರಲಿಲ್ಲ. ಹುಡುಗರು ಸಾಲು ಹಚ್ಚಿ ಒಗೆದರು.

ಮಾಸ್ತರರು ಕೇಳಿದರು, “ಅವರ ವಂಶದವರು ಈಗ ಯಾರರ ಅದಾರೇನ್ರಿ?”

ನಾನು ಬಾಯಿಂದ ಹೇಳಲಿಲ್ಲ. ಗದ್ದ ಎತ್ತಿ, ಅಗಸಿಯ ಬಗಲಿನ ನೀಲಿ ಬಾಗಿಲಿನ ಮನೆ ತೋರಿಸಿದೆ. ಬಾಯಿಂದ ಹೇಳಲಿಲ್ಲ ಎಂಬುದನ್ನೇ ಎಷ್ಟೋ ವರ್ಷ ನನ್ನ ಪರವಾಗಿ ಹಿಡಿದುಕೊಂಡಿದ್ದೆ — ಈಗ ಬರೆಯುವಾಗ ತಿಳಿಯುತ್ತದೆ, ಗದ್ದವೂ ನನ್ನದೇ.

ಒಂದು ಸಲ ಹೇಳಿ ಬಿಟ್ಟಿದ್ದರೆ — ಬಿಡಲಿಲ್ಲ. ಮುಂದೆ ಬಂದವರಿಗೂ ಅದನ್ನೇ ಹೇಳಿದೆ. ಜನ ಅದನ್ನು ಕೇಳಲೆಂದೇ ಬರತೊಡಗಿದರು. “ಕೈ ಕಡದ ಕಲ್ಲ ಎಲ್ಲಿ ಐತ್ರಿ?” ಎಂದು ಬಸ್ಸಿನಿಂದ ಇಳಿಯುತ್ತಲೇ ಕೇಳುವರು. ಮಾಲತೇಶ ಆ ಹೊತ್ತಿಗೆ ಹೊಲದಲ್ಲಿರುತ್ತಿದ್ದ. ಕಲ್ಲಿನ ಬುಡದಲ್ಲಿ ಹರಳು ಬೀಳುವುದನ್ನು ಕಂಡು, ಶಾಲೆಯ ಹುಡುಗರ ಕಿತಾಪತಿ ಎಂದು ಗೊಣಗುತ್ತ ಗುಡಿಸಿ ಹಾಕುತ್ತಿದ್ದ. ನಾನು ನೋಡುತ್ತಿದ್ದೆ.

ಅವನ ಮಗಳು ಗಿರಿಜಾಗೆ ಕುಪ್ಪೇಲೂರಿನಿಂದ ಸಂಬಂಧ ಬಂತು. ಒಕ್ಕಲುತನದ ಒಳ್ಳೆಯ ಮನೆ. ಬಂದು ನೋಡಿದರು, ಒಪ್ಪಿದರು, ಎಲೆ-ಅಡಿಕೆ ಮಾಡಿಕೊಳ್ಳುವ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಮಧ್ಯಸ್ಥ ಗುದ್ಲೆಪ್ಪ ಒಬ್ಬನೇ ಬಸ್ಸಿನಿಂದ ಇಳಿದ. ಮಾಲತೇಶ ನನ್ನ ಅಂಗಡಿಯಲ್ಲಿಯೇ ಇದ್ದ. ಗುದ್ಲೆಪ್ಪ ಚಹಾದ ಕಪ್ಪು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಡಿಯಲಿಲ್ಲ.

“ಅವರು ಒಲ್ಲೆ ಅಂತಾರಪಾ.”

“ಯಾಕಂತ? ಏನರ ಕಡಿಮಿ ಆತೇನು?” ಎಂದ ಮಾಲತೇಶ.

“ಕಡಿಮಿ ಅಲ್ಲ. ಅವರ ಅಳಿಯಾ ಕಾಲೇಜಿನವರ ಕೂಡ ಇಲ್ಲಿ ಬಂದು ಹೋಗ್ಯಾನಂತ. ಊರಿಗೆ ಬಾಗಲಾ ತಗದ ಮನೀದು ಹೆಣ್ಣು, ನಮ್ಮ ಮನಿ ಬಾಗಲಾ ಉಳಿಸ್ತೈತೇನು ಅಂತ ಆ ಮನಿ ಮುದುಕಿ ಹಟಾ ಹಿಡದು ಕುಂತಾಳ.”

ಮಾಲತೇಶನಿಗೆ ಮೊದಲು ಅರ್ಥವೇ ಆಗಲಿಲ್ಲ. ಗುದ್ಲೆಪ್ಪ ಕಥೆಯನ್ನೆಲ್ಲ ಹೇಳಬೇಕಾಯಿತು. ನಾನು ಕಟ್ಟಿದ ಕಥೆಯನ್ನು ನಾನು ಮೊದಲ ಬಾರಿ ಇನ್ನೊಬ್ಬರ ಬಾಯಿಂದ ಕೇಳಿದ್ದು ಆಗ. ನಾನು ಹೇಳದ ಎಷ್ಟೋ ಸೇರಿತ್ತು. ಒಲೆಯ ಮೇಲೆ ಹಾಲು ಉಕ್ಕಿತು. ನಾನು ಅದರ ಕಡೆ ತಿರುಗಿದೆ — ತಿರುಗಲು ಒಂದು ನೆವ ಸಿಕ್ಕಿತು.

ಕಥೆ ಎಲ್ಲಿಂದ ಬಂತು ಎಂದು ಮಾಲತೇಶ ನನ್ನನ್ನು ಕೇಳುತ್ತಾನೆ, ಜಗಳವಾಗುತ್ತದೆ ಎಂದುಕೊಂಡೆ. ಜಗಳವಾಗಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ. ಗೊತ್ತಿಲ್ಲ. ಮರುದಿನ ಅಂಗಡಿ ಖಾಲಿ ಇದ್ದಾಗ ಬಂದ. ಕಟ್ಟೆಯ ಮೇಲೆ ಕೂಡಲಿಲ್ಲ, ಒಳಗೆ ಬಂದು ನಿಂತ.

“ಬಸಣ್ಣ, ನೀ ಓದಿದಾಂವ. ಹಿರೇರ ಕಡೆ ನಾಕ ಮಾತ ಕೇಳಿದಾಂವ. ಕೈ ಎಮ್ಮಿ ಮುರೀತು ಅಂತ ನಮ್ಮಪ್ಪ ಅಂತಿದ್ದ, ಅದು ಇರ್ಲಿ. ಖರೇ ಹೇಳು. ನಮ್ಮ ಹಿರಿಯಾ ಬಾಗಲಾ ತಗದಿದ್ನೇನು?”

ಈ ಮನುಷ್ಯ ನನ್ನ ಮೇಲೆ ಸಂಶಯ ಪಟ್ಟಿರಲಿಲ್ಲ. ಕಥೆ ನನ್ನ ಬಾಯಿಂದ ಹೊರಟಿದೆ ಎಂಬುದು ಅವನಿಗೆ ಗೊತ್ತಿದ್ದಿರಬೇಕು — ಬಂದವರಿಗೆ ಕಥೆ ಹೇಳುವವನು ಊರಲ್ಲಿ ನಾನೊಬ್ಬನೇ ಅಲ್ಲವೇ. ಆದರೆ ಬಸಣ್ಣ ಹೇಳುತ್ತಾನೆಂದರೆ ಎಲ್ಲಿಯೋ ಕೇಳಿ, ಓದಿ ಹೇಳುತ್ತಾನೆ ಎಂದು ಅವನು ನಂಬಿದ್ದ. ಚಹಾಕ್ಕೆ ನೀರು ಹಾಕುತ್ತಾನೆ ಎಂದು ನಕ್ಕವನು, ನಾನು ಪೂರಾ ನೀರನ್ನೇ ಕೊಡಬಲ್ಲೆ ಎಂದು ಎಣಿಸಿರಲಿಲ್ಲ.

ಆ ಕೈ ನಾನು ನಿಂತ ಜಾಗದಿಂದ ಒಂದು ಗೋಡೆಯ ಆಚೆ ಇತ್ತು. ಅಂಗಡಿಯ ಹಿಂದೆಯೇ ನಮ್ಮ ಮನೆ.

“ಹಿರೇರು ಹಂಗ ಅಂತಿದ್ರಪಾ. ನಾ ಏನ ಹೇಳ್ಲಿ?” ಎಂದೆ.

ಇದೇ ನನ್ನ ತಪ್ಪು. ಕಥೆ ಕಟ್ಟಿದ್ದು ಚಟ, ಹೊಟ್ಟೆಕಿಚ್ಚು, ನಾಲಿಗೆಯ ಚಪಲ — ಏನಾದರೂ ಅನ್ನಿ. ಈ ಮಾತಿಗೆ ಹೆಸರು ನನಗೆ ಸಿಕ್ಕಿಲ್ಲ.

ಅವನು ತಲೆಯಾಡಿಸಿದ. “ಹಂಗಾರ ಖರೇನ ಐತಿ,” ಎಂದು ಹೊರಗೆ ಹೋದ.

ಆ ವರ್ಷದ ಬನ್ನಿಗೆ ಊರೆಲ್ಲ ಅಗಸಿಯಲ್ಲಿ ನೆರೆದಾಗ ಮಾಲತೇಶ ಮುಂದೆ ಬರಲಿಲ್ಲ. ಗೌಡರು ಕರೆದರು. ಅವನು ಕೈ ಮುಗಿದು ಹೇಳಿದ, “ನಾವು ಇಡೂದು ಬರೋಬ್ಬರಿ ಅಲ್ರಿ. ತಿಳೀದ ಇಷ್ಟ ದಿನಾ ಇಟ್ಟೇವಿ. ಬಸಣ್ಣ ಇಡ್ಲಿ, ಅವನಿಗೆ ಎಲ್ಲಾ ಗೊತ್ತೈತಿ.”

ಹಳೆಯ ಕಥೆ ಬಲ್ಲ ಹಿರಿಯರು ಯಾರೂ ಉಳಿದಿರಲಿಲ್ಲ, ಜನ ನನಗೆ ದಾರಿ ಬಿಟ್ಟರು. ನಾನು ಹೋಗಿ ಇಟ್ಟೆ. ತಿರುಗಿದಾಗ ಮೊದಲು ಎದುರಾದವನು ಅವನೇ. ನನ್ನ ಕೈಗೆ ಬನ್ನಿ ಕೊಟ್ಟು, “ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು,” ಎಂದ. ನಾನೂ ಅದನ್ನೇ ಅಂದೆ. ಬನ್ನಿ ಕೊಟ್ಟುಕೊಂಡವರ ನಡುವೆ ಹಗೆ ಉಳಿಯಬಾರದು ಎಂದು ನಮ್ಮಲ್ಲಿ ನಿಯಮ. ಅವನ ಕಡೆ ಹಗೆ ಇರಲೇ ಇಲ್ಲ. ಅವನು ತೀರಿಕೊಳ್ಳುವವರೆಗೆ ಪ್ರತಿ ದಸರೆಗೂ ಮೊದಲ ಬನ್ನಿ ನಾನೇ ಇಟ್ಟೆ, ಪ್ರತಿ ಸಲವೂ ಅವನು ಕೊಟ್ಟ ಬನ್ನಿ ತೆಗೆದುಕೊಂಡೆ.

ಗಿರಿಜಾಳನ್ನು ಆಮೇಲೆ ಕರ್ಜಗಿಗೆ ಕೊಟ್ಟರು, ಮೊದಲ ಹೆಂಡತಿ ಸತ್ತವನಿಗೆ. ಒಳ್ಳೆಯ ಮನುಷ್ಯ ಎಂದು ಕೇಳಿದ್ದೇನೆ. ಅದರಲ್ಲಿ ನನ್ನ ಪುಣ್ಯ ಏನೂ ಇಲ್ಲ.

ಮಾಲತೇಶ ಹೋದ ಮೇಲೆ ಒಂದು ವರ್ಷ ಸುಮ್ಮನಿದ್ದೆ. ಅವನ ವರ್ಷಾಂತಿಕ ಮುಗಿದ ಮೇಲೆ ಕರ್ಜಗಿಗೆ ಹೋದೆ. ಆ ಕಲ್ಲಿನ ಕೈಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ ಒಯ್ದಿದ್ದೆ. ಗಿರಿಜಾ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದಳು. “ಬರ್ರಿ ಕಾಕಾ, ಕುಂದರ್ರಿ,” ಎಂದು ಚಾಪೆ ಹಾಸಿದಳು, ನೀರು ತಂದು ಕೊಟ್ಟಳು. ನೀರು ಕುಡಿಯದೆ ಎಲ್ಲವನ್ನೂ ಹೇಳಿದೆ — ಗಾಡಿ, ಜಗಲಿ, ಹುಡುಗಿಯ ಪ್ರಶ್ನೆ, ಗದ್ದ ಎತ್ತಿದ್ದು, ಕೊನೆಗೆ ಅವಳಪ್ಪನಿಗೆ ಹೇಳಿದ ಮಾತು. ವಲ್ಲಿ ಬಿಚ್ಚಿ ಕೈಯನ್ನು ಚಾಪೆಯ ಮೇಲಿಟ್ಟೆ.

ಅವಳು ಅದನ್ನು ಮುಟ್ಟಲಿಲ್ಲ. ಶೇಂಗಾ ಬಿಡಿಸುವುದನ್ನೂ ನಿಲ್ಲಿಸಲಿಲ್ಲ.

“ನನ್ನ ಲಗ್ನದ ಮಾತ ಬಿಡ್ರಿ ಕಾಕಾ. ಅದು ಆತು. ಅಪ್ಪಾ ಹಾಸಗಿ ಹಿಡದಾಗ ನನ್ನ ಮಗನ ತಲಿಮ್ಯಾಲೆ ಕೈ ಇಡಾಕ ಒಲ್ಲೆ ಅಂದ. ಈ ರಕ್ತದ ಕೈ ಕೂಸಿನ ಮ್ಯಾಲೆ ಬ್ಯಾಡ ಅಂದ. ಹಂಗ ಅಂದ್ಕೋತನ ಹೋದ.” ಇನ್ನೊಂದು ಶೇಂಗಾ ಒಡೆದು ಕೇಳಿದಳು, “ಅಪ್ಪಗ ಈಗ ಯಾರು ಹೇಳತಾರ್ರಿ?”

ನಾನು ಕಲ್ಲನ್ನು ಮತ್ತೆ ವಲ್ಲಿಯಲ್ಲಿ ಸುತ್ತಿದೆ.

“ನನಗ ಹೇಳಿ ನೀವು ಹಗೂರ ಆಗಬ್ಯಾಡ್ರಿ. ಅಗಸಿ ಮುಂದ ನಿಂತು ಹೇಳ್ರಿ. ಆ ಕಥಿ ಹೆಂಗ ಹೇಳತಿದ್ರಿ, ಇದನ್ನೂ ಹಂಗ, ಎಲ್ಲಾರಿಗೂ ಕೇಳೂಹಂಗ ಹೇಳ್ರಿ.”

ಹೊರಟಾಗ ಬಾಗಿಲವರೆಗೆ ಬಂದಳು. ಹೋಗಿ ಬರ್ರಿ ಎನ್ನಲಿಲ್ಲ.

ಈ ದಸರೆಯಲ್ಲಿ ಹೇಳಿದೆ. ಎಲ್ಲರೂ ಬನ್ನಿ ಹಿಡಿದು ನಿಂತಿದ್ದರು, ನಾನು ಇಡುತ್ತೇನೆಂದು ಕಾಯುತ್ತಿದ್ದರು. ನಾನು ಬನ್ನಿಯ ಬದಲು ಕೈ ತೆಗೆದೆ. ನಡೆದದ್ದನ್ನು ಹೇಳಿದೆ. ಈಗ ಅಗಸಿ ಮನೆಯ ಹಿರಿಯನಾದ ಮಾಲತೇಶನ ಮಗನನ್ನು ಕರೆದು, ಮೊದಲ ಬನ್ನಿ ನಿಮ್ಮದು ಎಂದೆ.

ಜನರಲ್ಲಿ ಯಾರೋ ನಕ್ಕರು.

“ಅಜ್ಜಾ ಹೊಸಾ ಕಥಿ ಕಟ್ಟ್ಯಾನಲೇ!”

“ಹಚ್ಚಿ ತೋರಸು ನೋಡೂಣು,” ಎಂದ ಇನ್ನೊಬ್ಬ.

ನಾನು ಕೈಯನ್ನು ಮೊಂಡುಗೈಗೆ ಹಚ್ಚಿದೆ. ಕೂಡಲಿಲ್ಲ.

ಅಪ್ಪ ಎತ್ತಿಕೊಂಡ ದಿನ ಹಚ್ಚಿದ್ದರೆ ಕೂದಲು ತೂರದ ಹಾಗೆ ಕೂಡುತ್ತಿತ್ತು. ಈಗ ಅಲ್ಲಿ ಮುರಿದ ಅಂಚೇ ಉಳಿದಿಲ್ಲ. ಇಷ್ಟು ವರ್ಷ ಬಂದವರೆಲ್ಲ ಒಗೆದ ಹರಳು ಬಡಿದು ಬಡಿದು ಮೊಂಡುಗೈ ಜಜ್ಜಿ, ಗುಂಡಗಾಗಿ, ಮೊಣಕೈಯವರೆಗೆ ಸವೆದಿದೆ. ನನ್ನ ಕೈಯಲ್ಲಿದ್ದ ಕಲ್ಲು ಎಣ್ಣೆ ಕುಡಿದು ಕರ್ರಗೆ ಮಿಂಚುತ್ತಿತ್ತು. ನಡುವೆ ನನ್ನ ಎರಡು ಬೆರಳು ಹಿಡಿಸುವಷ್ಟು ಸಂದಿ.

“ಇದು ಆ ಕಲ್ಲಿಂದಲ್ಲ ಬಿಡಜ್ಜಾ,” ಎಂದು ಒಬ್ಬ ಹುಡುಗ ಸಮಾಧಾನದ ದನಿಯಲ್ಲಿ ಹೇಳಿದ. “ಆ ಕಥಿ ನಮ್ಮ ಅಜ್ಜಿ ಹೇಳ್ಯಾಳ. ನಿನ್ನಕಿಂತ ಹಳೇದು ಐತಿ ಅದು.”

ಅವನ ಅಜ್ಜಿಗೆ ಹೇಳಿದವನು ನಾನು.

ಮಾಲತೇಶನ ಮಗ ಮುಂದೆ ಬರಲಿಲ್ಲ. ತಲೆ ತಗ್ಗಿಸಿ ನಿಂತಿದ್ದವನು ಬನ್ನಿಯನ್ನು ಜೇಬಿಗೆ ಹಾಕಿಕೊಂಡು ನೀಲಿ ಬಾಗಿಲಿನ ಒಳಗೆ ಹೋದ. ಆ ಸಂಜೆ ಮೊದಲ ಬನ್ನಿಯನ್ನು ಯಾರೂ ಇಡಲಿಲ್ಲ. ಗೌಡರು ಹೊತ್ತಾಯಿತು ಎಂದರು, ಜನ ತಮ್ಮ ತಮ್ಮಲ್ಲಿ ಕೊಟ್ಟುಕೊಂಡು ಹೋದರು.

ಈಗ ನಾನು ಮುಂಜಾನೆ ಅಂಗಡಿ ತೆಗೆಯುವ ಮೊದಲು ಅಗಸಿಗೆ ಹೋಗಿ ಕಲ್ಲಿನ ಬುಡದ ಹರಳು ಗುಡಿಸುತ್ತೇನೆ. ಮಾಲತೇಶ ಮಾಡುತ್ತಿದ್ದ ಕೆಲಸ. ಬಸ್ಸಿನಿಂದ ಇಳಿದವರು ಕೈ ಕಡಿದ ಕಲ್ಲು ಎಲ್ಲಿ ಎಂದು ಕೇಳಿದರೆ ಸಂಗಡ ಹೋಗುತ್ತೇನೆ, ಕೈಯನ್ನು ತೋರಿಸಿ ನಡೆದದ್ದನ್ನು ಹೇಳುತ್ತೇನೆ. ಅವರಿಗೆ ಬೇಸರವಾಗುತ್ತದೆ, ಮುಖ ನೋಡಿದರೆ ತಿಳಿಯುತ್ತದೆ. ನಾನು ಆಚೆ ಸರಿದರೆ ಊರ ಹುಡುಗರಲ್ಲಿ ಒಬ್ಬ ಅವರಿಗೆ ಹಳೆಯ ಕಥೆ ಹೇಳುತ್ತಾನೆ, ನನಗಿಂತ ಚೆನ್ನಾಗಿ ಹೇಳುತ್ತಾನೆ. ಹರಳು ಕಲ್ಲಿಗೆ ಬಡಿದ ಸಪ್ಪಳ ಅಂಗಡಿಯವರೆಗೆ ಕೇಳುತ್ತದೆ. ಅದಕ್ಕೇ ಆಚೆ ಸರಿಯದೆ ಕಲ್ಲಿನ ಬಳಿಯೇ ಕೂಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕಾಲು ನಡೆಯುವವರೆಗೆ ಕೂಡುತ್ತೇನೆ.

ನೀವು ಹಿಂದೆ ಬಂದು ಒಂದು ಹರಳು ಒಗೆದಿದ್ದರೆ ಆ ಪೆಟ್ಟು ನಿಮ್ಮದಲ್ಲ, ನನ್ನದು. ಮತ್ತೆ ಬಂದರೆ, ಕಲ್ಲಿನ ಪಕ್ಕದಲ್ಲಿ ಒಬ್ಬ ಮುದುಕ ಕೂತಿರುತ್ತಾನೆ. ಹರಳು ಎತ್ತಿದ್ದರೆ ಒಗೆಯಬೇಡಿ. ಅವನ ಕೈಗೆ ಕೊಡಿ.